ಬೇವು ಕಟ್ಟದ ಬಾಗಿಲು

ಅವರು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಬಾಗಿಲಿನ ಮೇಲ್ಭಾಗವನ್ನು. ಮನೆಯವರು ಬನ್ನಿ ಬನ್ನಿ ಎಂದು ಕರೆಯುತ್ತ ನಿಂತಿರುತ್ತಿದ್ದರು. ಇವರು ಕತ್ತೆತ್ತಿ ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ, ಆಮೇಲೆ ಅವರ ಮುಖ ನೋಡಿ ನಗುತ್ತಿದ್ದರು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಮೊದಲ ಸಲ ಬಂದಾಗ ನನ್ನ ಅಮ್ಮ ಅಲ್ಲಿ ಜೇಡರ ಬಲೆ ಕಂಡಿತೆಂದು ತಿಳಿದು ನಾಚಿಕೊಂಡಿದ್ದರು. ಅವರು ಅತ್ತ ಹೋದದ್ದೇ ತಡ, ಇತ್ತ ಅಮ್ಮ ಸ್ಟೂಲು ಹತ್ತಿ ಗುಡಿಸಿದ್ದೂ ಆಯಿತು.

ಮೊನ್ನೆ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ನಮ್ಮ ಆಫೀಸಿನ ಹಳೆಯ ವ್ಯಾನ್ ಡ್ರೈವರ್ ಸಿಕ್ಕಿದ. ಜನರ ನೂಕಿನಲ್ಲಿ ನಿಲ್ಲಲೂ ಆಗದೆ, ನಡೆಯುತ್ತಲೇ, "ಬಾಯಿ, ತುಮ್ಚೇ ದೇವಿ ಡಾಕ್ಟರ್ ಗೇಲೇ" ಎಂದ. ತೀರಿಕೊಂಡು ಹದಿನೈದು ದಿನವಾಗಿತ್ತಂತೆ. ನನಗೆ ಯಾರೂ ತಿಳಿಸಿರಲಿಲ್ಲ. ಅವನ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೇ ಬಂತು. ಹೋಗಿ ನೋಡದೆ ಎಷ್ಟು ತಿಂಗಳಾಗಿತ್ತೋ.

ಅವರು ಡಾಕ್ಟರೇನೂ ಅಲ್ಲ. ಈ ಊರಿನಲ್ಲಿ ಸಿಡುಬಿಗೆ ದೇವಿ ಎನ್ನುತ್ತಾರೆ. ಓಣಿ ಓಣಿ ತಿರುಗಿ ಸಿಡುಬಿನ ಚುಚ್ಚುಮದ್ದು ಹಾಕುವ ಮುನಸಿಪಾಲಿಟಿಯ ನೌಕರ ಜನರ ಬಾಯಲ್ಲಿ ದೇವಿ ಡಾಕ್ಟರ್. ವಿಜಾಪುರದ ಕಡೆಯವರು. ಎತ್ತರದ ಆಳು, ಬಿಳಿ ಟೊಪ್ಪಿಗೆ, ಹೆಗಲಿಗೆ ಒಂದು ಕ್ಯಾನ್ವಾಸು ಚೀಲ, ಕೈಯಲ್ಲಿ ಮಂಜುಗಡ್ಡೆ ತುಂಬಿದ ಥರ್ಮಾಸು. ಬೆನ್ನು ಸ್ವಲ್ಪ ಬಾಗಿತ್ತು. ಗುಡಿಸಲುಗಳ ಬಾಗಿಲು ಗಿಡ್ಡ ಇರುವುದರಿಂದ ಹಾಗಾಯಿತು ಎಂಬುದು ಅವರದೇ ವಿವರಣೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಆರೋಗ್ಯ ವಿಭಾಗಕ್ಕೆ ನರ್ಸ್ ಆಗಿ ಸೇರಿದೆ. ಉಡುಪಿಯವರ ಮಗಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಅವರ ಜೊತೆಗೆ ಹಾಕಿದರು. ವಿಠ್ಠಲವಾಡಿಯ ಹಳಿಯ ಪಕ್ಕದ ಗುಡಿಸಲುಗಳಲ್ಲಿ, ಅಂಬರನಾಥದ ಕಾರ್ಖಾನೆಗಳ ಹಿಂದೆ, ಕಟ್ಟಡ ಕೆಲಸಕ್ಕೂ ಹಮಾಲಿಗೂ ಬಂದ ವಿಜಾಪುರ, ಗುಲ್ಬರ್ಗದ ಜನ ತುಂಬಿದ್ದರು. ಮೊದಲ ದಿನ ನಾನು ಒಂದು ಗುಡಿಸಲಿನ ಮುಂದೆ ನಿಂತು, "ಅಮ್ಮಾ, ಮಗುವನ್ನು ಸ್ವಲ್ಪ ಹೊರಗೆ ಕರೆದುಕೊಂಡು ಬರುತ್ತೀರಾ?" ಎಂದೆ. ಒಳಗಿದ್ದ ಹೆಂಗಸು ಹೆದರಿ ಮೂಲೆ ಸೇರಿದಳು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ತಂಗೀ, ನಿನ್ನ ಕನ್ನಡ ಇಸ್ತ್ರಿ ಮಾಡಿಟ್ಟಂಗ ಐತಿ. ಕೋರ್ಟಿನಿಂದ ಯಾರೋ ಬಂದಾರ ಅಂತ ತಿಳಕೊಂಡಾಳ ಆಕಿ."

"ನಿಮ್ಮದು ಎಂತ ಕಾಕಾ, ಒಗೆದು ಹಿಂಡಿ ಹಾಗೇ ಬಿಟ್ಟ ಹಾಗೆ ಉಂಟು" ಎಂದೆ.

ಅಂದಿನಿಂದ ನಾನು ತಂಗಿ, ಅವರು ಕಾಕಾ, ಅಂದರೆ ಚಿಕ್ಕಪ್ಪ. ಸಂಬಂಧದ ಲೆಕ್ಕಕ್ಕೆ ಅದು ಕೂಡುವುದಿಲ್ಲ. ಕೊನೆಯವರೆಗೂ ಹಾಗೇ ನಡೆಯಿತು.

ಅವರ ಎಡತೋಳು ನೋಡುವಂತಿತ್ತು. ಹೊಸ ಓಣಿಗೆ ಹೋದಾಗಲೆಲ್ಲ ಅವರು ಮಾಡುತ್ತಿದ್ದ ಮೊದಲ ಕೆಲಸ, ಎಲ್ಲರೂ ಕಾಣುವಂತೆ ಕಟ್ಟೆಯ ಮೇಲೆ ಕೂತು, ತುದಿ ಕವಲೊಡೆದ ಆ ಸಣ್ಣ ಸೂಜಿಯನ್ನು ತಮ್ಮ ತೋಳಿಗೇ ಚುಚ್ಚಿಕೊಳ್ಳುವುದು. "ನೋಡ್ರವ್ವಾ, ಸತ್ತನೇನು ನಾ?" ಎಂದು ಕೇಳುವುದು. ಮಕ್ಕಳು ನಗುತ್ತಿದ್ದವು. ತೋಳಿನ ತುಂಬ ಹಳೆಯ ಕಲೆ, ಹೊಸ ಕಲೆ, ಕಲೆಯ ಮೇಲೆ ಕಲೆ. "ಇದೆಲ್ಲ ಯಾಕೆ ಕಾಕಾ, ಬಾಯಲ್ಲಿ ಹೇಳಿದರೆ ಸಾಲದಾ?" ಎಂದರೆ, "ಬಾಯಿಲೆ ಎಲ್ಲಾರೂ ಹೇಳ್ತಾರ" ಎನ್ನುತ್ತಿದ್ದರು.

ಇನ್ನು ಬೇವಿನ ವಿಷಯ. ಮನೆಯಲ್ಲಿ ಯಾರಿಗಾದರೂ ಮೈಮೇಲೆ ಗುಳ್ಳೆ ಎದ್ದರೆ ಅವರ ಕಡೆಯ ಜನ "ತಾಯಿ ಬಂದಾಳ" ಎನ್ನುತ್ತಾರೆ. ಸಿಡುಬೇ ಇರಲಿ, ಸೀತಾಳೆ ಸಿಡುಬೇ ಇರಲಿ, ಇಲ್ಲಿಯವರು ಗೋವರ ಎನ್ನುವ ದಡಾರವೇ ಇರಲಿ, ಬಂದವಳು ತಾಯಿ. ಕೂಡಲೇ ಬಾಗಿಲಿಗೆ ಬೇವಿನ ಟೊಂಗೆ ಕಟ್ಟುತ್ತಾರೆ. ಆ ಮನೆಯಲ್ಲಿ ಒಗ್ಗರಣೆ ಇಲ್ಲ, ಗಂಡಸರಿಗೆ ಕ್ಷೌರ ಇಲ್ಲ, ಮಗುವಿಗೆ ಬೇವಿನ ಎಲೆಯ ಮೇಲೆ ಹಾಸಿಗೆ. ಹೊರಗಿನವರು ಎಲೆ ಕಂಡರೆ ಅಲ್ಲಿಂದಲೇ ಕೈಮುಗಿದು ತಿರುಗುತ್ತಾರೆ. ಬಸುರಿಯರು, ಹಸುಗೂಸು ಎತ್ತಿಕೊಂಡವರು ಆ ಓಣಿಯನ್ನೇ ಹಾಯುವುದಿಲ್ಲ. ತಾಯಿಗೆ ಮೊಸರನ್ನದ ಎಡೆಯಿಟ್ಟು ಬೀಳ್ಕೊಡುವವರೆಗೂ ಇದೇ ಕಟ್ಟು.

ಕಾಕಾ ಆ ಎಲೆಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಬೇವು ಕಂಡಲ್ಲಿ ಚಪ್ಪಲಿ ಬಿಡುವರು, ಅಂಗಳದಲ್ಲಿಟ್ಟ ಅರಿಶಿನದ ನೀರಿನಲ್ಲಿ ಕೈಕಾಲು ತೊಳೆದು, "ತಾಯಿ ಯಾವಾಗ ಬಂದಾಳವ್ವಾ?" ಎಂದು ಮೆಲ್ಲಗೆ ಕೇಳುವರು. ಅವರ ಮಾತೂ ನಡೆಯೂ ಮನೆಯವರಂತೆಯೇ ಇದ್ದುದರಿಂದ ತಾಯಂದಿರು ಒಳಗೆ ಬಿಡುತ್ತಿದ್ದರು. ಮಗುವಿನ ಅಂಗೈ, ಅಂಗಾಲು, ಎದೆ ನೋಡಿ ಯಾವ ಗುಳ್ಳೆ ಎಂದು ತಿಳಿಯುತ್ತಿದ್ದರು. ಅಂಗೈ ಅಂಗಾಲಿನಲ್ಲೂ ಎದ್ದಿದ್ದರೆ ಸಿಡುಬಿನ ಅನುಮಾನ. ಆಮೇಲೆ ಅಕ್ಕಪಕ್ಕದವರನ್ನು ಒಲಿಸಿ ಚುಚ್ಚುತ್ತಿದ್ದರು. ಯಾವ ಮನೆಯಲ್ಲಿ ರೋಗವಿದೆ ಎಂದು ಇಡೀ ವಿಭಾಗ ತಲೆ ಕೆಡಿಸಿಕೊಳ್ಳುವ ಹೊತ್ತಿಗೆ ಇವರಿಗೆ ಗೊತ್ತಿರುತ್ತಿತ್ತು.

ಹೊಗಳಿಕೆ ಅಂದರೆ ಕಾಕಾಗೆ ಬಲು ಇಷ್ಟ. ಇದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಆಫೀಸಿಗೆ ಆಗಷ್ಟೇ ಒಬ್ಬ ಹೊಸ ಅಧಿಕಾರಿ ಬಂದಿದ್ದರು, ಪುಣೆಯ ಕಡೆಯ ತರುಣ, ಹಗಲಿರುಳು ಕೆಲಸ ಮಾಡುವವರು. ನಮ್ಮ ಕಡೆ ಸಿಡುಬು ಹೆಚ್ಚುಕಡಿಮೆ ಮುಗಿದಿತ್ತು. ದೂರದಿಂದ ಕೂಲಿಗೆ ಬರುವವರ ಜೊತೆ ಮತ್ತೆ ಬಂದೀತು ಎಂಬ ಭಯ ಮಾತ್ರ ಇತ್ತು. ಒಂದು ಮೀಟಿಂಗಿನಲ್ಲಿ ಅವರು ಕಾಕಾನನ್ನು ಎಬ್ಬಿಸಿ ನಿಲ್ಲಿಸಿ, ನಿಮಗೆ ಮಾತ್ರ ಇದು ಹೇಗೆ ತಿಳಿಯುತ್ತದೆ, ಎಲ್ಲರಿಗೂ ಹೇಳಿ ಎಂದರು. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು, ಬೇವಿನ ಕಥೆಯನ್ನೆಲ್ಲ ರಸವತ್ತಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಅದನ್ನು ಅಲ್ಲೇ ಆದೇಶ ಮಾಡಿಬಿಟ್ಟರು: ಬೇವು ಕಂಡ ಮನೆಯ ಸುದ್ದಿ ಅಂದೇ ಆಫೀಸಿಗೆ ಬರಬೇಕು. ಕಾಕಾ ಅಂದು ನನಗೆ ಹೋಟೆಲಿನಲ್ಲಿ ಮಿಸಳ್ ತಿನ್ನಿಸಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ವಿಠ್ಠಲವಾಡಿಯಲ್ಲಿ ಗುರವ್ವನ ಬಾಗಿಲಿಗೆ ಎಲೆ ಬಿತ್ತು. ಗುರವ್ವ ಕಟ್ಟಡದಲ್ಲಿ ಇಟ್ಟಿಗೆ ಹೊರುವವಳು, ಇನ್ನೂ ಚಿಕ್ಕ ವಯಸ್ಸು. ಕಾಕಾನನ್ನು ಅಣ್ಣಾ ಎನ್ನುತ್ತಿದ್ದಳು. ಅವಳ ಮಗಳಿಗೆ ಮೈತುಂಬ ಗುಳ್ಳೆ. ಕಾಕಾ ಎಂದಿನಂತೆ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋದರು. ನಾನೂ ಹೋದೆ. ಬಹಳ ಹೊತ್ತು ನೋಡಿದರು. ಹೊರಗೆ ಬಂದು, "ಸೀತಾಳೆ ಅನಸ್ತೈತಿ ತಂಗಿ. ದೊಡ್ಡ ಸಿಡುಬಲ್ಲ. ಆದ್ರ ಅಂಗೈಯಾಗ ಒಂದೆರಡು ಅದಾವು, ಅದಕ್ಕ ಎದಿ ಹೊಡಕೋತೈತಿ" ಎಂದರು. ಅನುಮಾನವಿದ್ದರೆ ತಿಳಿಸಲೇಬೇಕು ಎಂಬುದು ನಿಯಮ. ಗುರವ್ವನಿಗೆ, "ನಾಳೆ ದೊಡ್ಡ ಡಾಕ್ಟರನ್ನ ಕರಕೊಂಡು ಬರತೀನಿ, ನೋಡಿ ಹೋಗ್ತಾರ, ಹೆದರಬ್ಯಾಡ" ಎಂದು ಮಾತು ಕೊಟ್ಟು ಬಂದರು. ಆಫೀಸಿಗೆ ಹೋಗಿ ಸಾಹೇಬರಿಗೂ ಅದನ್ನೇ ಬಿನ್ನವಿಸಿಕೊಂಡರು: ತಾವೊಬ್ಬರೇ ಬನ್ನಿ, ಚಪ್ಪಲಿ ಬಿಟ್ಟು ಒಳಗೆ ಹೋಗೋಣ, ಮಗುವನ್ನು ನೋಡಿ, ಆಮೇಲೆ ಏನು ಮಾಡಬೇಕೋ ಮಾಡೋಣ.

ಮರುದಿನ ಬೆಳಿಗ್ಗೆ, ಗಂಡಸರು ಕೆಲಸಕ್ಕೆ ಹೊರಡುವ ಮೊದಲೇ, ವ್ಯಾನು ಬಂತು. ಹಿಂದೆ ಪೊಲೀಸರ ಜೀಪು. ಓಣಿಯ ಎರಡೂ ತುದಿಯಲ್ಲಿ ಜನ ನಿಂತರು. ಬಾಗಿಲುಗಳನ್ನು ನೂಕಿ, "ಚಲಾ, ಬಾಹೇರ ಯಾ" ಎಂದು ಕೂಗಿ, ಹೊರಗೆ ಬಾರದವರನ್ನು ಎಳೆದು, ತೋಳು ಹಿಡಿದು ಚುಚ್ಚಿದರು. ಮುದುಕಿಯರು ಬೈದರು, ಕೆಲವು ಗಂಡಸರು ಹಳಿ ದಾಟಿ ಓಡಿದರು. ಯಾರೋ ಗುರವ್ವನ ಬಾಗಿಲಿನ ಬೇವನ್ನು ಕಿತ್ತು ಎಸೆದರು. ಬೂಟು ಹಾಕಿಕೊಂಡೇ ಒಳಗೆ ಹೋಗಿ ಮಗುವನ್ನು ಹೊದಿಕೆ ಸಮೇತ ಎತ್ತಿ ತಂದು, ಮುಂಬಯಿಯ ಸಾಂಕ್ರಾಮಿಕ ರೋಗದ ಆಸ್ಪತ್ರೆಗೆ ಒಯ್ಯಲು ವ್ಯಾನಿಗೆ ಹಾಕಿದರು.

ಕಾಕಾ ವ್ಯಾನಿನ ಪಕ್ಕ ನಿಂತಿದ್ದರು, ಕೈಯಲ್ಲಿ ಥರ್ಮಾಸು. ಗುರವ್ವ ವ್ಯಾನು ಹತ್ತುವ ಮುಂಚೆ ಅವರ ಮುಂದೆ ನಿಂತಳು. ಬೈಯಲಿಲ್ಲ, ಅಳಲಿಲ್ಲ.

"ಅಣ್ಣಾ, ನೀ ಚಪ್ಪಲ ಬಿಟ್ಟ ಒಳಗ ಬಂದಿದ್ಯಲ್ಲೋ" ಎಂದಳು.

ಸಾಹೇಬರನ್ನು ಖಳನಾಯಕನ ಹಾಗೆ ಚಿತ್ರಿಸಿಬಿಡುವುದು ಸುಲಭ. ನಾನು ಹಾಗೆ ಮಾಡಲಾರೆ. ಅಂದು ವಾಪಸು ಬರುವಾಗ ಅವರು ನನ್ನ ಕಡೆ ತಿರುಗಿದರು. "ಅದು ನಿಜವಾದ ಸಿಡುಬೇ ಆಗಿದ್ದರೆ? ಒಬ್ಬರನ್ನು ಬಿಟ್ಟರೆ ಇಡೀ ಕಲ್ಯಾಣಕ್ಕೆ ಹರಡುತ್ತದೆ. ಅವರನ್ನು ಕೇಳುತ್ತ ಕೂರಲು ನಮಗೆ ಸಮಯ ಎಲ್ಲಿದೆ?" ಎಂದು ಕೇಳಿದರು. ಇಷ್ಟು ವರ್ಷ ಇದೇ ಕೆಲಸದಲ್ಲಿದ್ದರೂ ಆ ಪ್ರಶ್ನೆಯನ್ನು ಈಗಲೂ ನನಗೆ ನಾನೇ ಕೇಳಿಕೊಳ್ಳುತ್ತೇನೆ.

ಅದು ಸೀತಾಳೆಯೇ ಆಗಿತ್ತು. ಮಗಳು ಗುಣವಾಗಿ, ಗುರವ್ವನ ಜೊತೆ ವಾಪಸು ಬಂದಳು. ಯಾರಿಗೂ ಏನೂ ಆಗಲಿಲ್ಲ. ಆಫೀಸಿನ ಮಟ್ಟಿಗೆ ವಿಷಯ ಮುಗಿಯಿತು.

ಬೇವು ಮಾತ್ರ ಕಾಣದಾಯಿತು. ಮೊದಲು ವಿಠ್ಠಲವಾಡಿಯಲ್ಲಿ, ಆಮೇಲೆ ಅಂಬರನಾಥದಲ್ಲಿ, ಅಲ್ಲಿಂದ ಎಲ್ಲ ಗುಡಿಸಲುಗಳಲ್ಲಿ. ಕೂಲಿಯವರ ಸುದ್ದಿ ನಮ್ಮ ವ್ಯಾನಿಗಿಂತ ಬೇಗ ಓಡುತ್ತದೆ. ಬಾಗಿಲಿಗೆ ಎಲೆ ಕಟ್ಟಿದರೆ ಪೊಲೀಸರು ಬರುತ್ತಾರೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಮೀಟಿಂಗಿನಲ್ಲಿ ಸಾಹೇಬರು ಸಂತೋಷದಿಂದ, ನೋಡಿ, ನಮ್ಮ ಪ್ರಚಾರದಿಂದ ಜನರ ಮೂಢನಂಬಿಕೆ ಹೋಗುತ್ತಿದೆ ಎಂದರು. ನಾನು ಕಾಕಾನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಆಗಿನಿಂದಲೇ ಇರಬೇಕು, ಕೆಲಸವಿರಲಿ ಬಿಡಲಿ, ಹೋದಲ್ಲೆಲ್ಲ ಬಾಗಿಲ ಮೇಲೆ ನೋಡುವುದು ಅವರಿಗೆ ಅಂಟಿಕೊಂಡದ್ದು.

ಮುಂದಿನ ವರ್ಷ ಶಿವರಾತ್ರಿಯ ಆಸುಪಾಸು ವಿಠ್ಠಲವಾಡಿಗೆ ಗೋವರ ಬಂತು. ಆಗ ನಮ್ಮ ಕೈಯಲ್ಲಿ ಗೋವರಕ್ಕೆ ಚುಚ್ಚುಮದ್ದು ಇರಲಿಲ್ಲ. ಗುರವ್ವನ ಪಕ್ಕದ ಮನೆಯ ಮಗುವಿಗೆ ಮೈ ಕೆಂಪಾಗಿ ಗುಳ್ಳೆ ಎದ್ದಿತ್ತು. ಬಾಗಿಲಿಗೆ ಎಲೆ ಇಲ್ಲ. ಮನೆಯವರು ಹೆದರಿ ಬಾಯಿಬಿಡಲಿಲ್ಲ. ಗುರವ್ವನಿಗೆ ಆ ಹೊತ್ತಿಗೆ ಇನ್ನೊಂದು ಕೂಸು ಹುಟ್ಟಿತ್ತು, ಗಂಡು. ಒಲೆಗೆ ಕೆಂಡ ಕೇಳಲು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಆ ಮನೆಗೆ ಹೋದವಳು, ಮಾತಾಡುತ್ತ ಅಲ್ಲೇ ಸ್ವಲ್ಪ ಹೊತ್ತು ಕೂತಳು. ಮೊದಲಾಗಿದ್ದರೆ ಎಲೆ ಕಂಡು ಅಂಗಳದಿಂದಲೇ ತಿರುಗುತ್ತಿದ್ದಳು. ಆ ಗಂಡುಕೂಸು ಉಳಿಯಲಿಲ್ಲ. ಆ ಓಣಿಯಲ್ಲಿ ಇನ್ನೂ ಕೆಲವು ಉಳಿಯಲಿಲ್ಲ.

ಕಾಕಾ ಈ ಸಂಗತಿಯನ್ನೆಲ್ಲ ಗುರವ್ವನ ಬಾಯಿಂದಲೇ ಕೇಳಿದರು. ಅವಳು ಅದನ್ನು ದೂರಿನಂತೆ ಹೇಳಲಿಲ್ಲವಂತೆ, ಆದದ್ದನ್ನು ಆದಂತೆ ಹೇಳಿದಳಂತೆ. ಆಫೀಸಿನ ಮೆಟ್ಟಿಲ ಮೇಲೆ ಕೂತು ಕಾಕಾ ನನಗೂ ಹಾಗೇ ಹೇಳಿದರು.

ನಾನು ಓದಿದವಳಲ್ಲವೇ, ಸಮಾಧಾನ ಮಾಡಲು ಹೊರಟೆ. "ಕಾಕಾ, ಗೋವರ ಗುಳ್ಳೆ ಏಳುವ ಮೊದಲೇ ಹರಡ್ತದೆ. ಅಷ್ಟರಲ್ಲಿ ಓಣಿಯ ಮಕ್ಕಳೆಲ್ಲ ಒಟ್ಟಿಗೆ ಆಡಿಯೂ ಆಗಿರ್ತದೆ. ಎಲೆ ಕಟ್ಟಿದ್ರೂ ತಡೀತಿತ್ತು ಅಂತ ಹೇಳ್ಲಿಕ್ಕೆ ಬರುವುದಿಲ್ಲ."

"ಗೊತ್ತೈತಿ ನನಗ. ಎಲ್ಲಾ ಕೂಸು ಉಳೀತಿದ್ದವು ಅನ್ನೂದಿಲ್ಲ ನಾ." ಥರ್ಮಾಸಿನ ಮುಚ್ಚಳವನ್ನು ತಿರುವುತ್ತ, ಬಿಚ್ಚುತ್ತ, ಮತ್ತೆ ತಿರುವುತ್ತ ಕೂತಿದ್ದರು. "ಆಕೀದು ಉಳೀತಿತ್ತೋ ಇಲ್ಲೋ, ಅಷ್ಟ ಹೇಳು."

ನಾನು ಅವರ ಕೈಯಿಂದ ಥರ್ಮಾಸು ತೆಗೆದು ಮೆಟ್ಟಿಲ ಮೇಲಿಟ್ಟೆ.

"ನಮ್ಮವ್ವ ಕಟ್ಟತಿದ್ದಳು ತಂಗಿ ಆ ಎಲಿ. ಒಳಗ ಬರಬ್ಯಾಡ್ರಿ ಅಂತ ಹೇಳೂ ಎಲಿ ಅದು. ಇಲ್ಲೇ ಬರ್ರಿ ಅಂತ ಪೊಲೀಸರಿಗೆ ತೋರಿಸಿದಾಂವ ನಾ."

ಅವರ ತಪ್ಪು ಎಷ್ಟು, ಕಾಲದ ತಪ್ಪು ಎಷ್ಟು ಎಂದು ಅಳೆಯುವುದು ನನ್ನಿಂದಾಗದು. ಆದರೆ ಅವರು ಅದನ್ನು ಯಾರ ಮೇಲೂ ಹೊರಿಸಲಿಲ್ಲ. ನಿಯಮವಿತ್ತು ಎನ್ನಲಿಲ್ಲ, ಸಾಹೇಬರು ಮಾಡಿದರು ಎನ್ನಲಿಲ್ಲ. ಒಂದೇ ಒಂದು ಸಲವಾದರೂ ಹಾಗೆ ಅಂದಿದ್ದರೆ ನನಗೆ ಅವರ ಜೊತೆ ಇರುವುದು ಹಗುರಾಗುತ್ತಿತ್ತು.

ಆಮೇಲೆ ಶುರುವಾಯಿತು ಅವರ ಬೇವಿನ ಹುಚ್ಚು. ರವಿವಾರ ರಜೆ ಬಂದರೆ ಚೀಲದ ತುಂಬ ಬೇವಿನ ಟೊಂಗೆ ತುಂಬಿಕೊಂಡು ಲೋಕಲ್ ಹತ್ತುವರು. ಗುಡಿಸಲು ಗುಡಿಸಲಿಗೆ ಹೋಗಿ, "ತಾಯಿ ಬಂದರ ಕಟ್ಟರವ್ವಾ, ಯಾರೂ ಬರೂದಿಲ್ಲ, ನಾ ಅದೀನಿ" ಎನ್ನುವರು. ಹೆಂಗಸರು ಮರ್ಯಾದೆಯಿಂದ ತೆಗೆದುಕೊಳ್ಳುತ್ತಿದ್ದರು. ಚಹಾನೂ ಕೊಡುತ್ತಿದ್ದರು. ಒಂದು ದಿನ ನಾನೂ ಜೊತೆಗಿದ್ದೆ. ಓಣಿಯ ಆ ತುದಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಒಂದು ಆಡು ನಮ್ಮ ಬೇವನ್ನು ಚಪ್ಪರಿಸುತ್ತಿತ್ತು. ಕಾಕಾ ಅದರ ಮುಂದೆ ನಿಂತು, "ನೀನರೆ ತಿನ್ನವ್ವಾ" ಎಂದರು. ನನಗೆ ನಗು ಬಂತು.

ಇದು ಆಫೀಸಿಗೂ ಗೊತ್ತಾಯಿತು. ಆರೋಗ್ಯ ವಿಭಾಗದವನೇ ಮನೆ ಮನೆಗೆ ಬೇವು ಹಂಚಿ ಮೂಢನಂಬಿಕೆ ಹಬ್ಬಿಸುತ್ತಾನೆ ಎಂದು ಕರೆದು ಬೈದರು. ತಲೆತಗ್ಗಿಸಿ ಕೇಳಿಸಿಕೊಂಡು, ಬರುವ ರವಿವಾರ ಮತ್ತೆ ಹೋದರು.

ಸಿಡುಬು ಜಗತ್ತಿನಿಂದಲೇ ಹೋಯಿತೆಂದು ಸಾರಿದ ಮೇಲೆ, ಎಂಬತ್ತರ ದಶಕದ ಆರಂಭದಲ್ಲಿ ಅವರಿಗೆ ನಿವೃತ್ತಿ. ಆಫೀಸಿನ ಹಾಲಿನಲ್ಲಿ ಶಾಲು, ತೆಂಗಿನಕಾಯಿ, ಪೇಢೆ. ಆ ತರುಣ ಅಧಿಕಾರಿ ವರ್ಗವಾಗಿ ಹೋಗಿದ್ದರು. ಹೊಸಬರು ಭಾಷಣ ಮಾಡಿ, ದೇವಿಯನ್ನು ಓಡಿಸಿದ ಸೈನಿಕ ಎಂದು ಹೊಗಳಿದರು. ಹೊಗಳಿಕೆ ಅಂದರೆ ಅಷ್ಟು ಆಸೆಪಡುತ್ತಿದ್ದ ಮನುಷ್ಯ ಕುರ್ಚಿಯ ತುದಿಯಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂತಿದ್ದರು. ಎರಡು ಮಾತು ಆಡಿ ಎಂದಾಗ ಎದ್ದು, ಮರಾಠಿಯಲ್ಲಿ, "ದೇವಿ ಹೋದಳು. ಅವಳ ಜೊತೆ ಬಾಗಿಲಿನ ಬೇವೂ ಹೋಯಿತು" ಎಂದಷ್ಟೇ ಹೇಳಿದರು. ಜೋರು ಚಪ್ಪಾಳೆ ಬಿತ್ತು. ಅವರೂ ಪ್ರಗತಿಯ ಮಾತೇ ಆಡಿದರೆಂದು ಎಲ್ಲರೂ ತಿಳಿದರು. ನನಗೆ ಎದ್ದು ಕೂಗಬೇಕೆನಿಸಿತು. ಕೂಗಿ ಏನು ಹೇಳುವುದು?

ಕಳೆದ ಕೆಲವು ವರ್ಷಗಳಿಂದ ನಮ್ಮ ಕೈಗೆ ಗೋವರದ ಚುಚ್ಚುಮದ್ದೂ ಬಂದಿದೆ. ಅದು ಬಂದ ಹೊಸತರಲ್ಲಿ ನಾನು ಅದರ ಸೀಸೆಯೊಂದನ್ನು ತೋರಿಸಲೆಂದೇ ಕಲ್ಯಾಣದ ಅವರ ಖೋಲಿಗೆ ಹೋಗಿದ್ದೆ. ಕೈಯಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಬಹಳ ಹೊತ್ತು ನೋಡಿದರು. "ಛಲೋ ಆತು" ಎಂದರು. "ಚುಚ್ಚೂ ಮುಂಚೆ ಕೇಳು ತಂಗಿ. ಬ್ಯಾಡ ಅಂದರ ಮರುದಿನ ಮತ್ತ ಹೋಗಿ ಕೇಳು. ಹತ್ತು ಸಲ ಹೋಗು. ಹಿಡದು ಮಾತ್ರ ಚುಚ್ಚಬ್ಯಾಡ." ನಾನು ಹೂಂ ಎಂದೆ. ಅದನ್ನು ಇಂದಿನವರೆಗೂ ನಡೆಸಿಕೊಂಡು ಬಂದಿದ್ದೇನೆ, ಮೇಲಿನವರಿಂದ ಬೈಸಿಕೊಂಡೂ ನಡೆಸಿದ್ದೇನೆ.

ಸುದ್ದಿ ತಿಳಿದ ಮರುದಿನ ನಾನು ವಿಠ್ಠಲವಾಡಿಗೆ ಹೋದೆ. ಗುರವ್ವನಿಗೆ ಹೇಳಬೇಕು ಅನಿಸಿತು. ಗುಡಿಸಲಿದ್ದಲ್ಲಿ ಈಗ ಇಟ್ಟಿಗೆಯ ಗೋಡೆ, ತಗಡಿನ ಛಾವಣಿ. ಅವಳ ತಲೆಯಲ್ಲಿ ಬಿಳಿಕೂದಲು ಬಂದಿದೆ. ಬಾಗಿಲಲ್ಲೇ ನಿಂತು ಕೇಳಿದಳು. ಕೇಳಿದವಳೇ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

"ಛಲೋ ಮನಷ್ಯಾ. ಪಾಪ, ನನ್ನ ಕೂಸಿನ ಸಲುವಾಗಿ ನನಗಿಂತ ಹೆಚ್ಚ ಅತ್ತಾನ ಅಂವ" ಎಂದಳು. "ಅವನ ಮ್ಯಾಲ ನನಗ ಸಿಟ್ಟ ಇಲ್ಲ ಬಾಯಿ. ಯಾವತ್ತೂ ಇರಲಿಲ್ಲ. ಇದನ್ನ ಅವನಿಗೆ ಹೇಳಿದ್ನೋ ಇಲ್ಲೋ, ನೆನಪಿಲ್ಲ."

ಹೇಳಿದ್ದಳೋ ಇಲ್ಲವೋ ನನಗೂ ಗೊತ್ತಿಲ್ಲ. ಹೇಳಿದ್ದರೆ ಕಾಕಾ ನನಗೆ ಹೇಳದೆ ಇರುತ್ತಿರಲಿಲ್ಲ.

"ಮಗಳು ಹೇಗಿದ್ದಾಳೆ?" ಎಂದೆ, ಅಂದು ವ್ಯಾನಿನಲ್ಲಿ ಹೋದವಳು.

"ಇಲ್ಲೇ ಬಂದಾಳ, ಕೂಸಿನ ಕರಕೊಂಡು. ನಾಲ್ಕ ದಿನ ಇದ್ದ ಹೋಗ್ತಾಳ."

ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಹೋಗೋಣ ಎನಿಸಿತು. ಮಗುವನ್ನೂ ನೋಡಿದ ಹಾಗಾಗುತ್ತದೆ. ಕಾಕಾ ಕಲಿಸಿದ ರೂಢಿಯಂತೆ, ಯೋಚಿಸದೆಯೇ, ಚಪ್ಪಲಿ ಬಿಟ್ಟು ಹೊಸ್ತಿಲ ಕಡೆ ಒಂದು ಹೆಜ್ಜೆ ಇಟ್ಟೆ. ಆಗ ಒಳಗಿನಿಂದ ವಾಸನೆ ಬಂತು. ಕಹಿ, ಹಸಿ, ಈಗಷ್ಟೇ ಹಾಸಿದ ಬೇವಿನ ಎಲೆಯ ವಾಸನೆ. ಮಗುವೊಂದು ಸಣ್ಣಗೆ ನರಳಿತು.

ಗುರವ್ವ ನನ್ನ ಬರಿಗಾಲನ್ನು ನೋಡಿದಳು. ಅವಳ ಮುಖದಲ್ಲಿದ್ದ ದುಃಖವೆಲ್ಲ ಹೋಗಿ ಹೆದರಿಕೆ ಬಂತು. ಚೌಕಟ್ಟಿನ ಎರಡೂ ಕಡೆ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಯಾರಿಗಾದ್ರೂ ಹುಷಾರಿಲ್ವಾ ಗುರವ್ವ?" ಎಂದು ಕೇಳಿದೆ.

"ನಮ್ಮ ಮನ್ಯಾಗ ಯಾರಿಗೂ ಏನೂ ಆಗಿಲ್ಲ" ಎಂದಳು. ಆಮೇಲೆ, ಬೇಡಿಕೊಳ್ಳುವವಳಂತೆ, "ಚಪ್ಪಲ ಬಿಡಬ್ಯಾಡ ಬಾಯಿ. ಅಲ್ಲೇ ನಿಂತ ಮಾತಾಡು."

ನಾನು ಕತ್ತೆತ್ತಿ ಬಾಗಿಲ ಮೇಲೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ನಾಳೆ ಮತ್ತೆ ಬರುತ್ತೇನೆ ಎಂದು ಹೇಳಿ ಚಪ್ಪಲಿ ಹಾಕಿಕೊಂಡೆ.